ಅಂಗೈಯಷ್ಟು ನೀರು

ಆಗಸ್ಟ್ 26, ಮಂಗಳವಾರ

ಶಿವಸುಬ್ರಹ್ಮಣ್ಯರು ಇವತ್ತು ಕೆರೆಗೆ ಬರಲಿಲ್ಲ. ನೂಲಹುಣ್ಣಿಮೆಗೆ ಹೊಸ ಜನಿವಾರ ಹಾಕಿಕೊಂಡ ಮರುದಿನದಿಂದ ಅವರು ಒಂದು ಬೆಳಗ್ಗೆಯೂ ತಪ್ಪಿಸಿರಲಿಲ್ಲ. ಬ್ಯಾಂಕ್ ಮ್ಯಾನೇಜರ್ ಕೆಲಸದಿಂದ ನಿವೃತ್ತರಾಗಿ ಊರಿಗೆ ಮರಳಿದವರು, "ಸಂಧ್ಯಾವಂದನೆ ಬಿಟ್ಟು ನಲ್ವತ್ತು ವರ್ಷ ಆಯ್ತು ಭಟ್ರೇ. ನಡುವಿನಿಂದ ಬೇಡ, ಮೊದಲಿನಿಂದ ಕಲಿಸಿ" ಎಂದು ಕೇಳಿದ್ದರು. ಕಲಿಸುತ್ತಿದ್ದೇನೆ. ನಾನು ಮುಳುಗಿ ಬಂದ ಮೇಲೆ ಕೆರೆಯ ಕೆಳಗಿನ ಮೆಟ್ಟಿಲಲ್ಲಿ ಕುಳಿತು ನನ್ನ ಜೊತೆ ಹೇಳುತ್ತಾರೆ. ಅವರಿಗೆ ಈಜು ಬಾರದು. ಮನೆಯಲ್ಲೇ ಬಿಸಿನೀರಿನಲ್ಲಿ ಮಿಂದು ಬರುತ್ತಾರೆ, ಕೆರೆಗೆ ಪಾದಕ್ಕಿಂತ ಹೆಚ್ಚು ಇಳಿಯುವುದಿಲ್ಲ.

ನನಗೆ ಆ ಆಯ್ಕೆ ಇಲ್ಲ. ಅರ್ಚಕನಾದವನು ಕೆರೆಯಲ್ಲಿ ತಲೆ ಮುಳುಗಿಸದೆ ಗರ್ಭಗುಡಿಯ ಬಾಗಿಲು ತೆಗೆಯುವಂತಿಲ್ಲ, ಪೂಜೆ ಮುಗಿಯುವವರೆಗೆ ಯಾರನ್ನೂ ಮುಟ್ಟುವಂತಿಲ್ಲ. ಈ ದೇವಸ್ಥಾನದ ಕ್ರಮ ಅದು.

ಮಂಗಳಾರತಿ ಆದ ಮೇಲೆ ಫೋನ್ ಮಾಡಿದೆ. ಅವರ ಹೆಂಡತಿ ಸುಬ್ಬಲಕ್ಷ್ಮಿಯಕ್ಕ ತೆಗೆದರು. "ತಲೆನೋವು ಪ್ರಸಾದಾ. ನಿನ್ನೆಯಿಂದ ವಾಂತಿ. ಬೆಳಕು ನೋಡ್ಲಿಕ್ಕೆ ಆಗುದಿಲ್ಲ ಅಂತ ಕಿಟಕಿಗೆಲ್ಲ ಬೆಡ್‌ಶೀಟ್ ಕಟ್ಟಿಸಿದ್ದಾರೆ."

ನಾನು ಕೊಟ್ಟ ರಷ್ಯನ್ ಕಾದಂಬರಿಯ ಕನ್ನಡ ಅನುವಾದ ಅರ್ಧ ಓದಿದ್ದಾರಂತೆ. ಅಷ್ಟು ಕೇಳಿ ಸಮಾಧಾನಪಟ್ಟುಕೊಂಡೆ. ನಿಜ ಹೇಳಬೇಕೆಂದರೆ ಸಮಾಧಾನ ಆಗಲಿಲ್ಲ.

ಆಗಸ್ಟ್ 28, ಗುರುವಾರ

ಅವರನ್ನು ಗಡಿ ದಾಟಿಸಿ ಮಂಗಳೂರಿಗೆ ಕರೆದುಕೊಂಡು ಹೋದರು. ಕುತ್ತಿಗೆ ಬಗ್ಗುವುದಿಲ್ಲ. ಆಂಬುಲೆನ್ಸಿಗೆ ಹತ್ತಿಸುವಾಗ ನಾನಿದ್ದೆ. ನನ್ನನ್ನು ನೋಡಿದರು. ಬ್ಯಾಂಕಿನ ಕೌಂಟರಿನ ಆಚೆಯಿಂದ ಹೊಸ ಗಿರಾಕಿಯನ್ನು ನೋಡುವ ಹಾಗೆ, ಮರ್ಯಾದೆಯಿಂದ ಮತ್ತು ಪರಿಚಯವಿಲ್ಲದೆ.

ಅವರಿಗೆ ಮಕ್ಕಳಿಲ್ಲ. ಅಕ್ಕ ಒಬ್ಬರೇ ಜೊತೆಗೆ ಹೋದರು.

ಆಗಸ್ಟ್ 30, ಶನಿವಾರ

ಬಾವಲಿ ಜ್ವರ ಎಂದು ಸುದ್ದಿ. ದೇವಸ್ಥಾನಕ್ಕೆ ಇವತ್ತು ಮೂರೇ ಜನ ಬಂದರು, ಮೂವರೂ ತೀರ್ಥ ತೆಗೆದುಕೊಳ್ಳಲಿಲ್ಲ. ಶಿವಸುಬ್ರಹ್ಮಣ್ಯರ ರಕ್ತದ ಮಾದರಿ ಪುಣೆಯ ಲ್ಯಾಬಿಗೆ ಹೋಗಿದೆಯಂತೆ. ದೆಹಲಿಯಿಂದ ಒಂದು ತಂಡ ಬರುವುದುಂಟಂತೆ. ದೆಹಲಿಯವರು ನಮ್ಮ ಊರಿಗೆ ಬರುತ್ತಾರೆ ಎಂದರೆ ನಾವು ಹೆದರಬೇಕಾದ್ದು ಸರಿ ಎಂದು ಲೆಕ್ಕ.

ಹೆಲ್ತ್ ಇನ್ಸ್‌ಪೆಕ್ಟರ್ ಬಂದಿದ್ದರು. ಪಯ್ಯನ್ನೂರು ಕಡೆಯವರು, ಹೆಸರು ದೇವಕಿ. ನನಗೆ ಒಂದು ಮಾಸ್ಕ್ ಚಾಚಿದರು. ಪೂಜೆ ಮುಗಿದಿರಲಿಲ್ಲ. ಕಲ್ಲಿನ ಮೇಲೆ ಇಡಲು ಹೇಳಿದೆ. ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಮಲಯಾಳಿಗಳು ಅರ್ಚಕರನ್ನು ಕರೆಯುವ ಹಾಗೆ ಕರೆದು ಹೇಳಿದರು: "ತಿರುಮೇನಿ, ನಿಮ್ಮ ಮಡಿ ಮತ್ತೆ ನಮ್ಮ ಪ್ರೊಟೋಕಾಲ್ ಎರಡೂ ಒಂದೇ ಅಲ್ವಾ? ಯಾರೂ ಯಾರನ್ನೂ ಮುಟ್ಟುದು ಬೇಡ."

ನಗು ಬಂತು, ನಗಲಿಲ್ಲ.

ಸೆಪ್ಟೆಂಬರ್ 1, ಸೋಮವಾರ

ಬಾವಲಿ ಜ್ವರ ಅಲ್ಲ. ಪುಣೆಯಿಂದ ಉತ್ತರ ಬಂತು. ಊರಿಗೆ ಜೀವ ಬಂತು. ನನಗೆ ಬರಲಿಲ್ಲ, ಏಕೆಂದರೆ ಅದಲ್ಲದಿದ್ದರೆ ಮತ್ತೇನು ಎಂದು ಯಾರಿಗೂ ಗೊತ್ತಿಲ್ಲ. ಶಿವಸುಬ್ರಹ್ಮಣ್ಯರಿಗೆ ಈಗ ಪ್ರಜ್ಞೆ ಇಲ್ಲ.

ದೆಹಲಿಯ ಡಾಕ್ಟರು ದೇವಸ್ಥಾನದ ಅಂಗಳಕ್ಕೆ ಬಂದರು. ಮೂವತ್ತು ದಾಟಿರಲಾರದ ಹೆಣ್ಣುಮಗಳು. ಶೂ ಹೊರಗೆ ಬಿಟ್ಟು, ಒದ್ದೆ ಅಂಗಳದಲ್ಲಿ ಸಾಕ್ಸಿನಲ್ಲೇ ನಿಂತಿದ್ದರು. ನಮ್ಮ ವಾರ್ಡಿನ ಮೆಂಬರ್ ವಿನೀತ್ ದುಭಾಷಿ. ದುಬೈಯಲ್ಲಿ ಒಂಬತ್ತು ವರ್ಷ ಇದ್ದು ಕಲಿತ ಹಿಂದಿ ಅವನದು.

ಅವರು ಎಲ್ಲ ಮನೆಗಳಲ್ಲೂ ಕೇಳಿದ್ದನ್ನೇ ನನಗೂ ಕೇಳಿದರು. ಶಿವಸುಬ್ರಹ್ಮಣ್ಯರು ಏನು ತಿಂದರು, ಎಲ್ಲಿ ಹೋದರು, ಯಾವ ನೀರಿನಲ್ಲಿ ಮಿಂದರು. ನೀರಿನಲ್ಲಿರುವ ಒಂದು ಅಮೀಬಾ ಮೂಗಿನಿಂದ ಮಿದುಳಿಗೆ ಹೋಗುವುದುಂಟಂತೆ. ಈ ವರ್ಷ ಕೇರಳದ ಬೇರೆ ಜಿಲ್ಲೆಗಳಲ್ಲಿ ಆಗಿದೆ, ಪೇಪರಿನಲ್ಲಿ ಓದಿದ್ದೆ. ಕುಡಿದರೆ ತೊಂದರೆ ಇಲ್ಲ. ಮೂಗು ಮಾತ್ರ.

"ಅವರು ಕೆರೆಗೆ ಇಳೀತಿದ್ರಾ ಅಂತ ಕೇಳ್ತಾರೆ," ಎಂದ ವಿನೀತ್.

ಇಳಿಯುತ್ತಿರಲಿಲ್ಲ ಎಂದೆ.

"ಮತ್ತೆ ನೀವು? ಮುಳುಗುವಾಗ ಮೂಗಿಗೆ ನೀರು ಹೋಗ್ತದಾ?"

ನಾನು ವಿವರವಾಗಿ ಹೇಳಿದೆ. ಹೆಬ್ಬೆರಳುಗಳಿಂದ ಕಿವಿ, ಮಧ್ಯದ ಬೆರಳುಗಳಿಂದ ಮೂಗು ಮುಚ್ಚಿಕೊಂಡೇ ಮುಳುಗುವುದು, ತಂದೆ ಹಾಗೆಯೇ ಕಲಿಸಿದ್ದು, ಐವತ್ತೆರಡು ವರ್ಷದಲ್ಲಿ ಒಂದು ಹನಿಯೂ ಒಳಗೆ ಹೋಗಿದ್ದಿಲ್ಲ, ಇತ್ಯಾದಿ.

ವಿನೀತ್ ಡಾಕ್ಟರ ಕಡೆ ತಿರುಗಿ ಎರಡು ಶಬ್ದ ಹೇಳಿದ.

"ಅಷ್ಟೇಯಾ?" ಎಂದೆ.

"ಹೋಗುದಿಲ್ಲ ಅಂದೆ. ಅಷ್ಟು ಸಾಕು ಭಟ್ರೇ. ನಿಮ್ಮ ಹಾಗೆ ಅಡಿಟಿಪ್ಪಣಿ ಓದುವ ಅಭ್ಯಾಸ ಎಲ್ಲರಿಗೂ ಇಲ್ಲ."

ಕೆರೆಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಸಿಕೊಂಡರು. ಅದು ಕ್ರಮಕ್ಕಾಗಿ ಮಾತ್ರ ಎಂದು ವಿನೀತ್ ಹೇಳಿದ. ಅವರ ಗಮನ ಬಾವಿಗಳ ಮೇಲೆ. ಪಂಚಾಯತಿನವರು ಶಿವಸುಬ್ರಹ್ಮಣ್ಯರ ಮನೆಯ ಬಾವಿಗೂ ಸುತ್ತಲಿನ ಬಾವಿಗಳಿಗೂ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದಾರೆ. ನನ್ನ ಹೆಂಡತಿ ಸುಪ್ರೀತಾ ಸಂಜೆಯ ಚಹಾ ಚೆಲ್ಲಿದಳು. "ನೆಲ ಒರಸಿದ ನೀರಲ್ಲಿ ಮಾಡಿದ ಹಾಗೆ ಉಂಟು," ಎಂದಳು. ನಾನು ನನ್ನದನ್ನು ಕುಡಿದೆ. ವಾಸನೆ ಇರುವಲ್ಲಿ ಕ್ಷೇಮ ಇದೆ ಎಂದು ತೋರಿತು.

ಸೆಪ್ಟೆಂಬರ್ 3, ಬುಧವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ಮುಳುಗಿದೆ. ಮೆಟ್ಟಿಲಲ್ಲಿ ನಿಂತು ಸಂಧ್ಯಾವಂದನೆಗೆ ತೊಡಗಿದೆ. ಅಘಮರ್ಷಣಕ್ಕೆ ಬಂದೆ. ಪಾಪಪುರುಷನನ್ನು ಹೊರಗೆ ಹಾಕುವ ಭಾಗ ಅದು. ಬಲ ಅಂಗೈಯಲ್ಲಿ ನೀರು ತೆಗೆದುಕೊಂಡು, ಮೂಗಿಗೆ ಹಿಡಿದು, ಮಂತ್ರ ಹೇಳಿ, ಅದರ ಮೇಲೆ ಉಸಿರು ಬಿಟ್ಟು ಎಸೆಯಬೇಕು. ಎಂಟನೆಯ ವಯಸ್ಸಿನಿಂದ ಮಾಡುತ್ತ ಬಂದಿದ್ದೇನೆ. ಮಾಡುವಾಗ ಅದು ನೀರು ಎಂಬ ಯೋಚನೆ ಯಾವತ್ತೂ ಬಂದದ್ದಿಲ್ಲ.

ಇವತ್ತು ಮೂಗಿನ ತುದಿಗೆ ತಣ್ಣಗೆ ತಾಗಿತು.

ಮಂತ್ರ ಅಲ್ಲೇ ನಿಂತಿತು. ಶಿವಸುಬ್ರಹ್ಮಣ್ಯರು ದಿನವೂ ಈ ಜಾಗಕ್ಕೆ ಬಂದಾಗ ಸೀನುತ್ತಿದ್ದರು. ಯಾವುದನ್ನೂ ಅರೆಬರೆ ಮಾಡುವವರಲ್ಲ. "ಮೂಗಿಗೆ ತಾಗಬೇಕಾ, ಹತ್ತಿರ ಸಾಕಾ?" ಎಂದು ಮೊದಲ ದಿನವೇ ಕೇಳಿದ್ದರು. ತಾಗಬೇಕು ಎಂದಿದ್ದೆ. ಹೊಳ್ಳೆ ಒದ್ದೆಯಾಗುವ ಹಾಗೆ ಎಂದೂ ಹೇಳಿದ್ದೆ. ಅವರು ಉಸಿರು ಬಿಡುವ ಬದಲು ಎಳೆದುಕೊಂಡು ಸೀನುತ್ತಿದ್ದರು. ಪಾಪ ಹೊರಗೆ ಹೋಗುತ್ತಿದೆ ಎಂದು ಇಬ್ಬರೂ ನಗುತ್ತಿದ್ದೆವು.

ಕೈಯ ನೀರು ಎಲ್ಲಿ ಬಿತ್ತೋ ಗೊತ್ತಿಲ್ಲ. ಒದ್ದೆ ಬಟ್ಟೆಯಲ್ಲೇ ಆರೋಗ್ಯ ಕೇಂದ್ರಕ್ಕೆ ನಡೆದೆ. ದಾರಿಯಲ್ಲಿ ಓಡಿದೆನೋ ಏನೋ, ಮೀನಿನ ಗಾಡಿಯವನು ನಿಲ್ಲಿಸಿ ಹತ್ತಿಸಿಕೊಂಡ. ದೇವರ ಬಾಗಿಲು ತೆಗೆದಿರಲಿಲ್ಲ.

ದೆಹಲಿಯ ಡಾಕ್ಟರು ಅಲ್ಲೇ ಇದ್ದರು. ನಾನು ಹೇಳಿದ್ದನ್ನು ದೇವಕಿ ಇಂಗ್ಲಿಷಿಗೆ ತಿರುಗಿಸಿದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ಒಂದು ಸ್ಟೀಲ್ ಲೋಟದಲ್ಲಿ ಕುದಿಸಿ ಆರಿಸಿದ ನೀರು ತರಿಸಿ, ಮಾಡಿ ತೋರಿಸಲು ಹೇಳಿದರು. ತೂಕ ನೋಡುವ ಯಂತ್ರದ ಪಕ್ಕದಲ್ಲಿ, ಮೈಯಿಂದ ನೀರು ತೊಟ್ಟಿಕ್ಕುತ್ತ, ಮೇಜಿನ ಎದುರು ನಿಂತು ಅಘಮರ್ಷಣ ಮಾಡಿದೆ. ಅವರು ಮೊಬೈಲಿನಲ್ಲಿ ಚಿತ್ರೀಕರಿಸಿದರು. ಅಂಗೈ ಮೂಗಿಗೆ ಬಂದಾಗ "ಸ್ಟಾಪ್" ಎಂದರು. ಹತ್ತಿರ ಬಂದು ನನ್ನ ಮಣಿಕಟ್ಟು ಹಿಡಿದು, ಬಗ್ಗಿ ನೋಡಿದರು.

"ನೀವೂ ದಿನಾ ಮಾಡ್ತೀರಾ ಅಂತ ಕೇಳ್ತಾರೆ," ಎಂದರು ದೇವಕಿ.

"ಮೂರು ಹೊತ್ತು. ಬೆಳಗ್ಗೆ ಕೆರೆಯಲ್ಲಿ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

"ಮೊನ್ನೆ ಯಾಕೆ ಹೇಳ್ಲಿಲ್ಲ?"

"ಮೂಗಿಗೆ ನೀರು ಹೋಗ್ತದಾ ಅಂತ ಕೇಳಿದ್ರಿ. ಇದು ನೀರು ಅಂತ ಹೊಳೀಲಿಲ್ಲ."

ದೇವಕಿ ಇದನ್ನು ಹೇಗೆ ತಿರುಗಿಸಿದರೋ. ಡಾಕ್ಟರು ಬಯ್ಯಲಿಲ್ಲ. ತಾವು ಕೇಳಬೇಕಾದ ಹಾಗೆ ಕೇಳಲಿಲ್ಲ ಎಂದರಂತೆ. ಕೂಡಲೆ ಮಂಗಳೂರಿನ ಆಸ್ಪತ್ರೆಗೆ ಫೋನ್ ಮಾಡಿದರು. ಅಲ್ಲಿನವರು ಬೆನ್ನುಹುರಿಯ ನೀರನ್ನು ಮೊದಲೂ ನೋಡಿದ್ದರು, ಆದರೆ ಈ ಹುಡುಕಾಟದ ಕಣ್ಣಿನಿಂದ ಅಲ್ಲ. ಮತ್ತೆ ತೆಗೆದರು.

ಸಂಜೆ ವಿನೀತ್ ಬಂದು ಜಗಲಿಯಲ್ಲಿ ನಿಂತ. "ಸಿಕ್ಕಿತು ಭಟ್ರೇ."

"ಎಂತ ಸಿಕ್ಕಿತು?"

"ಸೂಕ್ಷ್ಮದರ್ಶಕದಲ್ಲಿ. ಅಲುಗಾಡ್ತಾ ಉಂಟಂತೆ."

ಅಲುಗಾಡುವುದು. ಅವರ ತಲೆಯೊಳಗಿನಿಂದ ತೆಗೆದದ್ದರಲ್ಲಿ. ನಾನು ಮೂಗು ಉಜ್ಜಿಕೊಂಡೆ, ಸುಪ್ರೀತಾ ನೋಡಿದಳು, ಕೈ ಕೆಳಗಿಳಿಸಿದೆ.

ಸೆಪ್ಟೆಂಬರ್ 4, ಗುರುವಾರ

ಮದ್ದು ಇದೆ. ಉತ್ತರದ ಕಡೆ ಬೇರೆ ಯಾವುದೋ ಜ್ವರಕ್ಕೆ ಕೊಡುವ ಗುಳಿಗೆ, ಅಂಗಡಿಯಲ್ಲಿ ಸಿಗುವುದಿಲ್ಲ. ಕೇರಳ ಸರಕಾರದ ದಾಸ್ತಾನಿನಲ್ಲಿ ಉಂಟು. ಆದರೆ ರೋಗಿ ಮಲಗಿರುವುದು ಕರ್ನಾಟಕದಲ್ಲಿ, ಅದೂ ಖಾಸಗಿ ಆಸ್ಪತ್ರೆಯಲ್ಲಿ. ಇಲ್ಲಿನ ಮದ್ದನ್ನು ಅಲ್ಲಿಗೆ ಕೊಡುವ ಕ್ರಮ ಇಲ್ಲ. ಈ ಕಡೆಗೆ ತರಬಹುದಾದ ಸ್ಥಿತಿಯಲ್ಲಿ ಅವರಿಲ್ಲ.

ಸಾಲದ್ದಕ್ಕೆ ನಾಳೆ ತಿರುವೋಣಂ, ಓಣಂ ಹಬ್ಬದ ಮುಖ್ಯ ದಿನ. ಆಫೀಸುಗಳಿಗೆಲ್ಲ ರಜೆ.

ಪಂಚಾಯತ್ ಆಫೀಸಿನ ಬಾಗಿಲು ತೆಗೆಸಿ ಇಡೀ ದಿನ ಅಲ್ಲೇ ಕುಳಿತೆವು. ನೆಲದಲ್ಲಿ ಉದ್ಯೋಗಿಗಳು ಹಾಕಿದ ಪೂಕಳಂ, ಓಣಂನ ಹೂವಿನ ರಂಗೋಲಿ, ಬಾಡಿತ್ತು, ಎಲ್ಲರೂ ಅದನ್ನು ತುಳಿಯದೆ ಸುತ್ತು ಹಾಕಿ ಓಡಾಡುತ್ತಿದ್ದರು. ದೆಹಲಿಯ ಡಾಕ್ಟರು ಒಂದು ಮೂಲೆಯಲ್ಲಿ ತಮ್ಮ ಕಚೇರಿಯ ಜೊತೆ, ದೇವಕಿ ಇನ್ನೊಂದು ಮೂಲೆಯಲ್ಲಿ ಜಿಲ್ಲೆಯವರ ಜೊತೆ. ನಡುವೆ ವಿನೀತ್, ಒಂದು ಕಿವಿಗೆ ಒಂದು ಫೋನ್. ದೆಹಲಿ ತಿರುವನಂತಪುರಕ್ಕೆ ಹೇಳಬೇಕು, ಬೆಂಗಳೂರಿಗೂ ಹೇಳಬೇಕು. ತಿರುವನಂತಪುರ ಜಿಲ್ಲೆಗೆ ಹೇಳಬೇಕು. ಇಷ್ಟೆಲ್ಲ ಆಗಲು ರೋಗಿ ಇದೇ ಪಂಚಾಯತಿನ ಕಾಯಂ ನಿವಾಸಿ ಎಂದು ಸೆಕ್ರೆಟರಿ ಬರೆದು ಸೀಲು ಹಾಕಬೇಕು. ಸೆಕ್ರೆಟರಿ ಓಣಂಗೆ ಊರಿಗೆ ಹೊರಟು ರೈಲಿನಲ್ಲಿದ್ದರು.

"ಎಲ್ಲಿ ಮುಟ್ಟಿದ್ದೀರಿ ಸಾರ್?" ವಿನೀತ್ ಕೇಳಿದ. "ಚೆರುವತ್ತೂರಾ? ಹಾಗಾದ್ರೆ ಪಯ್ಯನ್ನೂರಲ್ಲಿ ಇಳೀರಿ. ಆ ಕಡೆಯಿಂದ ಬರುವ ಗಾಡಿ ಉಂಟು. ಓಣಂ ಮುಂದಿನ ವರ್ಷವೂ ಬರ್ತದೆ ಸಾರ್, ನಮ್ಮ ಮ್ಯಾನೇಜರ್ರು ಬರುದಿಲ್ಲ."

ಅವರು ಇಳಿದರು. ಮಕ್ಕಳಿಗೆಂದು ಕೊಂಡ ಬಟ್ಟೆಯ ಚೀಲದ ಸಮೇತ ಬಂದು ಸೀಲು ಹಾಕಿದರು.

ಒಂದು ದೊಡ್ಡ ಸರಕಾರ ಎಂದರೆ ಎಲ್ಲೋ ಕುಳಿತ ಒಂದೇ ತಲೆ ಎಂದು ನಾನು ತಿಳಿದಿದ್ದೆ. ಇವತ್ತು ನೋಡಿದ್ದು ಬರೀ ಬಾಯಿಗಳು, ಒಂದು ಇನ್ನೊಂದರ ಕಿವಿಯನ್ನು ಹುಡುಕುತ್ತ. ಯಾವುದಾದರೂ ಒಂದು ಫೋನಿನ ಚಾರ್ಜ್ ಮುಗಿದರೆ ಶಿವಸುಬ್ರಹ್ಮಣ್ಯರು ಸಾಯುತ್ತಾರೆ ಎಂದು ಹೆದರಿ, ನಾನು ಚಾರ್ಜರ್ ಹಿಡಿದು ಒಬ್ಬರಿಂದ ಒಬ್ಬರ ಹತ್ತಿರ ಹೋಗುತ್ತಿದ್ದೆ. ನನ್ನಿಂದಾದ ಕೆಲಸ ಅಷ್ಟೇ.

ಸೆಪ್ಟೆಂಬರ್ 5, ಶುಕ್ರವಾರ

ಕಣ್ಣೂರಿನಿಂದ ಮದ್ದಿನ ಆಂಬುಲೆನ್ಸ್ ತಲಪಾಡಿಯ ಗಡಿಗೆ ಬರುವುದು, ಅಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯವರಿಗೆ ಒಪ್ಪಿಸುವುದು ಎಂದು ತೀರ್ಮಾನವಾಯಿತು. ರೋಗಿಯ ಕಡೆಯವರು ಒಬ್ಬರು ಬೇಕೆಂದರು. ಪೂಜೆ ಬೇಗ ಮುಗಿಸಿ ನಾನು ಹೋದೆ. ಕೆರೆಯಲ್ಲಿ ಮುಳುಗಿದೆ ಎಂದು ಬರೆಯಲಾರೆ. ಭುಜದವರೆಗೆ ಇಳಿದು, ಮನೆಯಿಂದ ಚೊಂಬಿನಲ್ಲಿ ತಂದ ಆರಿದ ನೀರನ್ನು ತಲೆಗೆ ಹೊಯ್ದುಕೊಂಡೆ. ಯಾರೂ ಇರಲಿಲ್ಲ. ದೇವರಿದ್ದರು.

ಗಡಿಯ ಫಲಕದ ಕೆಳಗೆ ಕಾದೆವು. "ಕೊರೋನದ ವರ್ಷ ಈ ರಸ್ತೆಗೆ ಮಣ್ಣು ಹಾಕಿ ಬಂದ್ ಮಾಡಿದ್ದು," ಎಂದ ವಿನೀತ್. "ನಮ್ಮ ಚಿಕ್ಕಮ್ಮನನ್ನು ಡಯಾಲಿಸಿಸ್‌ಗೆ ಕರ್ಕೊಂಡು ಬಂದವ ಇಲ್ಲಿಂದ ತಿರುಗಿಸಿದ್ದೇನೆ."

ಆ ಕಡೆಯ ಜೀಪು ನಮಗಿಂತ ಮೊದಲೇ ಬಂದು ನಿಂತಿತ್ತು. ಅದರ ಅಧಿಕಾರಿ ಇಳಿದು ಬಂದು, ಇನ್ನೂ ಬರದ ಆಂಬುಲೆನ್ಸಿಗಾಗಿ ನಮ್ಮ ಜೊತೆಯೇ ತೆಂಕು ದಿಕ್ಕಿಗೆ ಮುಖ ಮಾಡಿ ನಿಂತರು. ಬಂದಾಗ ಥರ್ಮಾಕೋಲ್ ಪೆಟ್ಟಿಗೆಯ ಒಂದು ಬದಿ ದೇವಕಿ, ಇನ್ನೊಂದು ಬದಿ ನಾನು ಹಿಡಿದು ರಸ್ತೆ ದಾಟಿದೆವು. ಅಷ್ಟು ಹಗುರವಾದ ಪೆಟ್ಟಿಗೆಗೆ ಇಬ್ಬರು ಬೇಕಿರಲಿಲ್ಲ. ಜೀಪಿನ ಬಾನೆಟ್ಟಿನ ಮೇಲೆ ಸಹಿಗಳಾದವು.

ಹಿಂದೆ ಬರುವಾಗ ದೇವಕಿ ಮನೆಯಿಂದ ತಂದ ಪಾಯಸ ತೆಗೆದರು. ಸ್ಟೀಲಿನ ಡಬ್ಬಿ ಒಂದೇ, ಚಮಚವೂ ಒಂದೇ. "ತಿರುಮೇನಿ ಮೊದಲು," ಎಂದರು. ಹಸಿದಿದ್ದೆ.

ಸೆಪ್ಟೆಂಬರ್ 6, ಶನಿವಾರ

ನಾಳೆ ಚಂದ್ರಗ್ರಹಣ. ಗ್ರಹಣದ ಸ್ನಾನಕ್ಕೆ ಊರಿಡೀ ಕೆರೆಗೆ ಇಳಿಯುತ್ತದೆ. ಕೆರೆಯ ನೀರಿನ ಪರೀಕ್ಷೆಯ ಫಲ ಇನ್ನೂ ಬಂದಿಲ್ಲ. ಬರುವವರೆಗೆ ಮುಚ್ಚಬೇಕೆಂದು ಡಾಕ್ಟರು ಹೇಳುತ್ತಾರೆ. ಹೇಳುವ ಅಧಿಕಾರ ಅವರಿಗೆ, ಮುಚ್ಚುವ ಅಧಿಕಾರ ಪಂಚಾಯತಿಗೆ, ಕೆರೆ ದೇವಸ್ಥಾನದ್ದು. ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರ ಭುಜಂಗ ಶೆಟ್ಟರು ಬಂದು ಮೆಟ್ಟಿಲ ಮೇಲೆ ಕುಳಿತೇ ಬಿಟ್ಟರು.

"ನಮ್ಮ ಅಜ್ಜ ಮುಳುಗಿದ ಕೆರೆ. ಅವರ ಮೂಗಿಗೆ ಎಂತ ಆಯ್ತು? ನಿಮಗೆ ಹೆದರಿಕೆ ಆದ್ರೆ ನೀವು ಬಾತ್‌ರೂಮಲ್ಲಿ ಮೀಯಿರಿ ಭಟ್ರೇ, ಊರಿನವರನ್ನು ಯಾಕೆ ಹೆದರಿಸ್ತೀರಿ?"

"ಹೆದರಿಕೆ ಉಂಟು ಶೆಟ್ರೇ," ಎಂದೆ.

ಅವರು ಜಗಳಕ್ಕೆ ತಯಾರಾಗಿ ಬಂದಿದ್ದರು. ಈ ಉತ್ತರಕ್ಕೆ ತಯಾರಾಗಿರಲಿಲ್ಲ.

"ಎಷ್ಟು ಉಂಟು?"

"ನಿನ್ನೆಯೂ ಇವತ್ತೂ ತಲೆ ಮುಳುಗಿಸ್ಲಿಲ್ಲ."

"ಮುಳುಗಿಸದೆ ಬಾಗಿಲು ತೆಗೆದ್ರಾ?"

"ತೆಗೆದೆ."

ಅವರು ಎದ್ದು ನಿಂತು, ದೇವಸ್ಥಾನದ ಕ್ರಮಗಳಿಗೆ ಕೊನೆಯ ಮಾತು ಹೇಳುವ ತಂತ್ರಿಗಳಿಗೆ ಫೋನ್ ಮಾಡಿದರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಮಾತನಾಡಿ ನನ್ನ ಕೈಗೆ ಕೊಟ್ಟರು. ತಂತ್ರಿಗಳ ಧ್ವನಿ ತೆಳು, ವಯಸ್ಸಾಗಿದೆ. "ಬಾವಿಯ ನೀರು ಕುದಿಸಿ ಆರಿಸಿ ಮೀಯಿ. ಕೆರೆ ಮುಚ್ಚಲಿ. ಮತ್ತೆ ಅಘಮರ್ಷಣಕ್ಕೆ ನೀರು ಮೂಗಿಗೆ ತಾಗಬೇಕೂಂತ ನಿನಗೆ ಯಾರು ಹೇಳಿದ್ದು? ಉಸಿರು ತಾಗಿದ್ರೆ ಸಾಕು."

ಉಸಿರು ತಾಗಿದರೆ ಸಾಕಿತ್ತು.

ಸಂಜೆ ಪಂಚಾಯತಿನ ಜೀಪಿಗೆ ಮೈಕು ಕಟ್ಟಿದರು. ಮಲಯಾಳದಲ್ಲಿ ದೇವಕಿ, ತುಳುವಿನಲ್ಲಿ ಭುಜಂಗ ಶೆಟ್ಟರು. ಕನ್ನಡಕ್ಕೆ ನನ್ನನ್ನು ಕೂರಿಸಿದರು. ಮಂತ್ರ ಬಿಟ್ಟು ಬೇರೆ ಯಾವುದನ್ನೂ ನಾನು ಜನರ ಎದುರು ಗಟ್ಟಿಯಾಗಿ ಹೇಳಿದವನಲ್ಲ. ಗಂಟಲು ಕಟ್ಟುವವರೆಗೆ ಹೇಳಿದೆ.

ಸೆಪ್ಟೆಂಬರ್ 8, ಸೋಮವಾರ

ಗ್ರಹಣಕ್ಕೆ ಯಾರೂ ಕೆರೆಗೆ ಇಳಿಯಲಿಲ್ಲ.

ತಲೆನೋವು. ಎಡಗಡೆ.

ಸೆಪ್ಟೆಂಬರ್ 9, ಮಂಗಳವಾರ

ಇವತ್ತೂ ಇದೆ. ಕುತ್ತಿಗೆ ಬಗ್ಗಿಸಿ ನೋಡಿದೆ. ಬಗ್ಗುತ್ತದೆ. ಮತ್ತೆ ನೋಡಿದೆ. ಕನ್ನಡಿಯ ಎದುರು ಗಲ್ಲವನ್ನು ಎದೆಗೆ ತಾಗಿಸುತ್ತ ನಿಂತಿದ್ದಾಗ ಸುಪ್ರೀತಾ ಬಂದಳು.

"ಎಂತ ಮಾಡ್ತಿದ್ದೀರಿ?"

"ನಮಸ್ಕಾರ."

"ಕನ್ನಡಿಗಾ?"

ಬೆಳಕು ನೋಡಲು ಕಷ್ಟವಾಗುತ್ತದೋ ಎಂದು ಬಲ್ಬನ್ನು ನೋಡಿದೆ. ಯಾರಿಗೂ ಅದು ಕಷ್ಟವೇ.

ಸೆಪ್ಟೆಂಬರ್ 10, ಬುಧವಾರ

ಸುಪ್ರೀತಾ ದೇವಕಿಗೆ ಫೋನ್ ಮಾಡಿಬಿಟ್ಟಳು. ಅವರು ಜೀಪಿನಲ್ಲಿ ಬಂದು ಕಾಸರಗೋಡಿಗೆ ಕರೆದುಕೊಂಡು ಹೋದರು. ದಾರಿಯಿಡೀ ಮಾತನಾಡುತ್ತಿದ್ದರು, ಅವರ ಅಮ್ಮನ ಹಸುವಿನ ಬಗ್ಗೆ. ನನ್ನನ್ನು ಎಚ್ಚರವಾಗಿಡಲು ಮಾಡುತ್ತಿದ್ದಾರೆ ಎಂದು ನನಗೆ ಹೆದರಿಕೆಯಾಯಿತು. ಆಮೇಲೆ ಕೇಳಿದೆ. ಹಸು ನಿಜವಾಗಿಯೂ ಕರು ಹಾಕಿದೆಯಂತೆ.

ಜ್ವರ ಇಲ್ಲ. ರಕ್ತ ಸರಿ ಇದೆ. ನಿದ್ದೆ ಇಲ್ಲದ್ದಕ್ಕೆ ತಲೆನೋವು, ಊಟ ಸರಿಯಾಗಿ ಮಾಡಿ ಎಂದರು. ದೆಹಲಿಯ ಡಾಕ್ಟರೂ ಫೋನಿನಲ್ಲಿ ಅದನ್ನೇ ಹೇಳಿದರು. ಮತ್ತೊಮ್ಮೆ ಹೇಳಿ ಎಂದು ದೇವಕಿಯ ಮೂಲಕ ಕೇಳಿದೆ. ಮತ್ತೊಮ್ಮೆ ಹೇಳಿದರು.

ಮಂಗಳೂರಿನಲ್ಲಿ ಬದಲಾವಣೆ ಇಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಕೆರೆಯ ನೀರಿನಲ್ಲಿ ಅದು ಇದೆ. ಬರೆದು ಕಳಿಸಿದ್ದಾರೆ.

ನೋಡಲು ಹೋದೆ. ನೀರು ಯಾವತ್ತಿನ ಹಾಗೆಯೇ ಹಸಿರಾಗಿತ್ತು. ಪಂಚಾಯತಿನವರು ಕಟ್ಟಿದ ಕೆಂಪು ಪಟ್ಟಿಯ ಆಚೆ ಒಂದು ನೀರುಹಾವು ತಲೆ ಎತ್ತಿ ಈಜುತ್ತಿತ್ತು. ಇಷ್ಟು ವರ್ಷ ನಾನು ಹೆದರುತ್ತಿದ್ದದ್ದು ಅದಕ್ಕೆ.

ಮನೆಯಲ್ಲಿ ಮೀಯುವಾಗ ಮೂಗಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ. "ಹೆಣಕ್ಕೆ ಇಟ್ಟ ಹಾಗೆ ಕಾಣ್ತದೆ, ತೆಗೀರಿ," ಎಂದಳು ಸುಪ್ರೀತಾ. ತೆಗೆಯಲಿಲ್ಲ. ಅವಳು ಅತ್ತಳೆಂದು ಆಮೇಲೆ ಗೊತ್ತಾಯಿತು. ತೆಗೆದೆ.

ಸೆಪ್ಟೆಂಬರ್ 18, ಗುರುವಾರ

ಡಾಕ್ಟರು ದೆಹಲಿಗೆ ಮರಳುವ ಮೊದಲು ಒಂದು ವಿಡಿಯೋ ಬೇಕೆಂದರು. ನೀರು ಮೂಗಿಗೆ ತಾಗದ ಹಾಗೆ ಅಘಮರ್ಷಣ ಮಾಡುವುದನ್ನು ಕನ್ನಡದಲ್ಲಿ ಹೇಳಿ ತೋರಿಸಬೇಕು. ಮಲಯಾಳದಲ್ಲಿ ನೀಲೇಶ್ವರದ ಒಬ್ಬ ನಂಬೂದಿರಿಗಳು ಮಾಡುತ್ತಾರೆ. ಜಿಲ್ಲೆಯ ಎಲ್ಲ ದೇವಸ್ಥಾನಗಳಿಗೂ ಹೋಗುವುದಂತೆ. ಡಾಕ್ಟರು ಇನ್ನು ಎಲ್ಲಿ ಹೋದರೂ ಜನರಿಗೆ ಕೇಳುವ ಪ್ರಶ್ನೆಯನ್ನು ಬದಲಾಯಿಸುತ್ತಾರಂತೆ. ಮೂಗಿಗೆ ನೀರು ಹೋಗುತ್ತದೆಯೇ ಎಂದು ಕೇಳುವುದಿಲ್ಲ. ನೀರಿನ ಹತ್ತಿರ ನೀವು ಮಾಡುವುದನ್ನೆಲ್ಲ ಮಾಡಿ ತೋರಿಸಿ ಎನ್ನುತ್ತಾರೆ.

ಐದನೆಯ ಸಲಕ್ಕೆ ಸರಿ ಬಂತು. ಮೊದಲ ನಾಲ್ಕರಲ್ಲಿ ಮಂತ್ರ ಮುಗಿಯುವ ಮೊದಲೇ ನೀರು ಚೆಲ್ಲಿಬಿಟ್ಟೆ.

"ಭಟ್ರು ಈಗ ಸಿನೆಮಾದವರು," ಎಂದರು ಭುಜಂಗ ಶೆಟ್ಟರು. "ಪೂಜೆಗೆ ಡೇಟ್ ಸಿಗ್ಲಿಕ್ಕಿಲ್ಲ."

ಅಷ್ಟರಲ್ಲಿ ಸುಬ್ಬಲಕ್ಷ್ಮಿಯಕ್ಕನ ಫೋನ್. ಕೆಟ್ಟ ಸುದ್ದಿ ಎಂದುಕೊಂಡು ತೆಗೆಯಲಾರದೆ ದೇವಕಿಯ ಕೈಗೆ ಕೊಟ್ಟೆ. ಅವರು ಕೇಳಿಸಿಕೊಂಡರು. ಮುಖ ನೋಡಿ ಏನೂ ತಿಳಿಯಲಿಲ್ಲ.

"ಕಣ್ಣು ಬಿಟ್ಟಿದ್ದಾರೆ," ಎಂದರು. "ಗುರುತು ಹಿಡಿದಿಲ್ಲ. ಆದ್ರೆ ನರ್ಸಿಗೆ, ಸೂಜಿ ಬೇಡ, ಬ್ರಾಂಚ್ ಕ್ಲೋಸ್ ಆಗಿದೆ ನಾಳೆ ಬನ್ನಿ ಅಂದ್ರಂತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಲ್ಲಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಅಕ್ಟೋಬರ್ 14, ಮಂಗಳವಾರ

ಮಂಗಳೂರಿಗೆ ಹೋಗಿ ಶಿವಸುಬ್ರಹ್ಮಣ್ಯರನ್ನು ನೋಡಿ ಬಂದೆ. ತೂಕ ಅರ್ಧವಾಗಿದೆ. ನನ್ನ ಹೆಸರು ಹೇಳಿದರು, ಅಕ್ಕನ ಹೆಸರಿನಿಂದ ನನ್ನ ಹೆಸರಿಗೆ ಬರಲು ಸ್ವಲ್ಪ ತಡವಾಯಿತು. ಬಲಗೈ ನಡುಗುತ್ತದೆ. ಅದು ಹೋಗಲಿಕ್ಕಿಲ್ಲ ಎಂದಿದ್ದಾರೆ. ನಾನು ಕೇಳುವ ಮೊದಲೇ ಅವರೇ ಹೇಳಿದರು: "ನೀವು ಹೇಳಿದ್ದಕ್ಕೆ ಸಿಕ್ಕಿತಂತೆ."

ನಾನು ಕಲಿಸಿದ್ದಕ್ಕೆ ಬಂದದ್ದು ಎಂದೆ.

"ಅದೂ ಸರಿ," ಎಂದರು. ಲೆಕ್ಕ ತಾಳೆ ನೋಡಿದವರ ಹಾಗೆ. ಆಮೇಲೆ ಕಣ್ಣು ಮುಚ್ಚಿದರು. ಉಸಿರು ನಡೆಯುತ್ತಿದೆಯೇ ಎಂದು ಹೊದಿಕೆ ಏರಿಳಿಯುವುದನ್ನು ನೋಡುತ್ತ ಕುಳಿತೆ. ನಿದ್ದೆ, ಅಷ್ಟೆ.

ನವೆಂಬರ್ 17, ಸೋಮವಾರ

ಕೆರೆಯ ನೀರು ಪಂಪಿನಿಂದ ತೆಗೆದು, ಕೆಸರು ಎತ್ತಿ, ಪಂಚಾಯತಿನವರೂ ದೇವಸ್ಥಾನದವರೂ ಸೇರಿ ತೊಳೆದು, ತಳದ ಊಟೆಯಿಂದ ನೀರು ಮತ್ತೆ ತುಂಬಿ, ಎರಡು ಸಲ ಪರೀಕ್ಷೆ ಆಗಿದೆ. ಎರಡರಲ್ಲೂ ಏನೂ ಇಲ್ಲ. ನೀರು ಸ್ವಚ್ಛವಾಗಿದೆ ಎಂದು ಕಳೆದ ವಾರ ಮೈಕಿನಲ್ಲಿ ಹೇಳಿದವನು ನಾನೇ. ಮುಳುಗುತ್ತಲೂ ಇದ್ದೇನೆ. ಮೂಗನ್ನು ಹಿಡಿಯುವ ಬೆರಳುಗಳ ಗುರುತು ಮಧ್ಯಾಹ್ನದವರೆಗೆ ಉಳಿಯುತ್ತದೆ.

ಇವತ್ತು ಬೆಳಗ್ಗೆ ಮುಳುಗಿ ಎದ್ದಾಗ ಶಿವಸುಬ್ರಹ್ಮಣ್ಯರು ಮೆಟ್ಟಿಲ ಮೇಲೆ ನಿಂತಿದ್ದರು. ಒಂದು ಕೈಯಲ್ಲಿ ಕೋಲು, ಭುಜಕ್ಕೆ ಪಂಚೆ. ಅಕ್ಕ ಮೇಲೆ ರಸ್ತೆಯಲ್ಲಿ ಆಟೋದ ಹತ್ತಿರ.

"ಡಾಕ್ಟ್ರು ನಡೀಲಿಕ್ಕೆ ಹೇಳಿದ್ದಾರೆ. ಇಲ್ಲಿಗೆ ನಡೆದೆ," ಎಂದರು. "ಪಾಠ ಅರ್ಧಕ್ಕೆ ನಿಂತದ್ದುಂಟಲ್ಲ."

ಮನೆಯಲ್ಲಿ ಮಾಡುವ, ಶಿವಣ್ಣಾ, ಕುದಿಸಿ ಆರಿಸಿದ ನೀರಿನಲ್ಲಿ ಎಂದೆ.

"ನೀರು ಸರಿ ಉಂಟು ಅಂತ ನೀವೇ ಹೇಳಿದ್ದಲ್ವಾ? ಆಸ್ಪತ್ರೆಯಲ್ಲಿ ನಿಮ್ಮ ವಿಡಿಯೋ ಮೂರು ಸಲ ನೋಡಿದ್ದೇನೆ."

ಅವರು ಕೆಳಗಿನ ಮೆಟ್ಟಿಲಿಗೆ ಬಂದು ಕುಳಿತರು. ಬೇಡ ಎನ್ನಲು ನನ್ನ ಹತ್ತಿರ ಕಾರಣ ಇರಲಿಲ್ಲ, ಹೆದರಿಕೆ ಮಾತ್ರ ಇತ್ತು. ಪಕ್ಕದಲ್ಲಿ ಕುಳಿತು ತೊಡಗಿದೆ. ಮಂತ್ರ ಬಹಳಷ್ಟು ನೆನಪಿದೆ ಅವರಿಗೆ. ತಪ್ಪಿದಲ್ಲಿ ನನ್ನ ಬಾಯಿ ನೋಡುತ್ತಾರೆ. ಅಘಮರ್ಷಣಕ್ಕೆ ಬಂದೆವು. ಅವರು ಬಗ್ಗಿ ಅಂಗೈಯಲ್ಲಿ ನೀರು ತೆಗೆದರು. ಕೈ ನಡುಗಿತು. ವಿಡಿಯೋದಲ್ಲಿ ಹೇಳಿದ ಹಾಗೆ ದೂರವೇ ಹಿಡಿದಿದ್ದರು, ಆದರೆ ನಡುಕಕ್ಕೆ ನೀರು ತುಳುಕಿ ಒಂದು ಹನಿ ಅವರ ಮೀಸೆಗೆ ಹಾರಿತು.

ನಾನು ಅವರ ಮೂಗನ್ನು ಕೈಯಿಂದ ಮುಚ್ಚಿ ಹಿಡಿದಿದ್ದೆ. ಇನ್ನೊಂದು ಕೈ ಅವರ ತಲೆಯ ಹಿಂದೆ. ಮಂತ್ರ ನನ್ನ ಬಾಯಿಂದ ಹೋಗುತ್ತಲೇ ಇತ್ತು.

"ಭಟ್ರೇ," ಎಂದರು ನನ್ನ ಅಂಗೈಯೊಳಗಿನಿಂದ, "ಉಸಿರು ಬಿಡ್ಲಿಕ್ಕಾದ್ರೂ ಸ್ವಲ್ಪ ಜಾಗ ಕೊಡಿ ಮಾರಾಯ್ರೆ."

ಬೆರಳುಗಳನ್ನು ಸಡಿಲಿಸಿದೆ. ಕೈ ತೆಗೆಯಲಿಲ್ಲ. ಅವರು ಉಸಿರು ಬಿಟ್ಟರು. ಬೆರಳುಗಳ ಸಂದಿಯಿಂದ ಅದು ಬಿಸಿಯಾಗಿ ಹೊರಗೆ ಬಂದು ಅವರ ಅಂಗೈಯ ನೀರಿಗೆ ತಾಗಿತು.